ನೇಪಾಳ ಪ್ರವಾಸ ಮತ್ತು ನೆರವಿನ ಹಣ: ವಿಪತ್ತಿನ ನಂತರ ಕುಟುಂಬವೊಂದು ಮಾಡಬೇಕಾದ್ದು

ನೇಪಾಳಕ್ಕೆ ಹೋಗುವ ಕನ್ನಡಿಗರು ಕಮ್ಮಿಯೇನಿಲ್ಲ. ಬೇಸಿಗೆ ರಜೆ ಬಂತೆಂದರೆ, ದಸರಾ ರಜೆ ಬಂತೆಂದರೆ ಪಶುಪತಿನಾಥ, ಮುಕ್ತಿನಾಥ, ಲುಂಬಿನಿ, ಪೊಖರಾ ಎಂದು ಅಜ್ಜ ಅಜ್ಜಿ ಮಕ್ಕಳ ಸಮೇತ ಹೊರಡುತ್ತಾರೆ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ತಲೆಮಾರುಗಳಿಂದ ನಮ್ಮ ಕರ್ನಾಟಕದ ಕಡೆಯಿಂದ ಹೋದವರು. ಹಾಗಾಗಿ ಅಲ್ಲಿ ಭೂಮಿ ನಡುಗಿತು, ನದಿ ಉಕ್ಕಿತು ಎಂಬ ಸುದ್ದಿ ಬಂದರೆ ನಮ್ಮ ಮನೆಗಳಲ್ಲೂ ಎರಡು ಪ್ರಶ್ನೆ ಒಟ್ಟಿಗೆ ಏಳುತ್ತವೆ. ಟಿಕೆಟ್ ಮಾಡಿಸಿದ್ದೇವೆ, ಹೋಗುವುದಾ ಬೇಡವಾ? ಅಲ್ಲಿಯವರಿಗೆ ನಾವೇನು ಕೊಡಬಹುದು?

ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಬೇಡಿ. ಒಂದೇ ಪುಸ್ತಕದಲ್ಲಿ, ಒಂದೇ ಲೆಕ್ಕದಲ್ಲಿ ಬರೆದುಕೊಳ್ಳಿ. ಹಣ ಮೊದಲು ಹೋಗಬೇಕು, ನಾವು ಆಮೇಲೆ ಹೋಗಬೇಕು. ಎರಡೂ ನೆರವೇ, ಆದರೆ ಎರಡಕ್ಕೂ ಅದರದರ ಸಮಯ ಇದೆ. ಅದನ್ನು ಹೇಗೆ ಮಾಡುವುದು ಎಂದು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಉದಾಹರಣೆಗಳು 2015ರ ಭೂಕಂಪದ್ದು. ಆಗ ನಡೆದದ್ದರಿಂದ ಕಲಿಯುವುದು ತುಂಬಾ ಇದೆ.

ಹಂತ 1: ಮೊದಲ ವಾರ ಏನನ್ನೂ ಪ್ಯಾಕ್ ಮಾಡಬೇಡಿ

2015ರ ಏಪ್ರಿಲ್ 25, ಶನಿವಾರ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಹತ್ತಿರ 7.8 ತೀವ್ರತೆಯ ಭೂಕಂಪ ಆಯಿತು. ಸುಮಾರು 9,000 ಜನ ತೀರಿಕೊಂಡರು. ಕಾಠ್ಮಂಡುವಿನ ಧರಹರಾ ಗೋಪುರ ಬುಡವೊಂದನ್ನು ಬಿಟ್ಟು ಪೂರ್ತಿ ಉರುಳಿತು. ಲಾಂಗ್‌ಟಾಂಗ್ ಎಂಬ ಹಳ್ಳಿ ಹಿಮ ಮತ್ತು ಕಲ್ಲಿನ ಕುಸಿತದ ಅಡಿಯಲ್ಲಿ ಹೂತುಹೋಯಿತು.

ಆಗ ಇಡೀ ದೇಶಕ್ಕೆ ಇದ್ದದ್ದು ಒಂದೇ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಒಂದೇ ರನ್‌ವೇ. ಜಗತ್ತಿನ ಎಲ್ಲ ಕಡೆಯಿಂದ ಸಾಮಾನು ಹೊತ್ತ ದೊಡ್ಡ ವಿಮಾನಗಳು ಬಂದಿಳಿದವು. ಭಾರ ತಾಳದೆ ರನ್‌ವೇ ಹಾಳಾಯಿತು. ಮೇ 3ರಂದು ದೊಡ್ಡ ವಿಮಾನಗಳನ್ನು ಇಳಿಸುವುದನ್ನೇ ನಿಲ್ಲಿಸಬೇಕಾಯಿತು. ಕಸ್ಟಮ್ಸ್‌ನಲ್ಲಿ ಸಾಮಾನಿನ ರಾಶಿ ಬಿದ್ದಿತ್ತು. ಹಳ್ಳಿಗಳಲ್ಲಿ ಜನ ಒಂದು ತಾಡಪಾಲಿಗಾಗಿ ಕಾಯುತ್ತಿದ್ದರು.

ನೀವು ಕಳಿಸುವ ಒಂದು ಚೀಲ ಹಳೆ ಬಟ್ಟೆಯೂ ಆ ರಾಶಿಗೇ ಸೇರುತ್ತದೆ. ಯಾರೋ ಅದನ್ನು ಇಳಿಸಬೇಕು, ಬಿಚ್ಚಬೇಕು, ವಿಂಗಡಿಸಬೇಕು. ಆ ಕೈಗಳಿಗೆ ಆ ದಿನಗಳಲ್ಲಿ ಬೇರೆ ಕೆಲಸ ಇರುತ್ತದೆ. 2004ರ ಸುನಾಮಿ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನವಾಗಿ ಬಂದ ಹಳೆ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ತೆಗೆದುಕೊಳ್ಳುವವರು ಕೇಳಿದ್ದು ಅದನ್ನಲ್ಲ.

ಹಣ ಹಾಗಲ್ಲ. ಅಲ್ಲಿಯೇ, ಹತ್ತಿರದ ಪೇಟೆಯಲ್ಲಿಯೇ ಬೇಕಾದ್ದನ್ನು ಕೊಳ್ಳಬಹುದು. ಆ ಪೇಟೆಯ ಅಂಗಡಿಯವನೂ ಬದುಕಿಕೊಳ್ಳುತ್ತಾನೆ. ಮೇ ತಿಂಗಳಲ್ಲಿ ತಾಡಪಾಲು ಬೇಕಿತ್ತು, ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ತಗಡಿನ ಶೀಟು ಬೇಕಿತ್ತು, ಚಳಿಗಾಲಕ್ಕೆ ಕಂಬಳಿ ಬೇಕಿತ್ತು. ಇದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತವರಿಗೆ ಗೊತ್ತಾಗುವ ಸಂಗತಿ ಅಲ್ಲ.

ಆದ್ದರಿಂದ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಬಟ್ಟೆ ಸಂಗ್ರಹ ಶುರುವಾದರೆ ಮೆಲ್ಲಗೆ ಹೇಳಿ: ಅದೇ ಉತ್ಸಾಹವನ್ನು ಹಣಕ್ಕೆ ತಿರುಗಿಸೋಣ. ಸಾಮಾನು ಬೇಕೇಬೇಕು ಎಂದು ಅಲ್ಲಿನ ಸಂಸ್ಥೆಯೇ ಪಟ್ಟಿ ಕೊಟ್ಟರೆ ಮಾತ್ರ ಕೊಡಿ. ಆ ಪಟ್ಟಿಯಲ್ಲಿ ಇದ್ದದ್ದನ್ನೇ ಕೊಡಿ. ಹೊಸದನ್ನೇ ಕೊಡಿ.

ಹಂತ 2: ಎಷ್ಟು ಎಂದು ಮನೆಯಲ್ಲಿ ಕೂತು ತೀರ್ಮಾನಿಸಿ, ಎರಡು ಕಂತು ಮಾಡಿ

ಟಿವಿಯಲ್ಲಿ ದೃಶ್ಯ ನೋಡಿ ಫೋನ್ ಎತ್ತಿ ಕಳಿಸುವ ಹಣಕ್ಕೆ ಲೆಕ್ಕ ಇರುವುದಿಲ್ಲ. ಒಂದು ಸಂಜೆ ಮನೆಯವರೆಲ್ಲ ಕೂತು ಮಾತಾಡಿ. ಪ್ರವಾಸಕ್ಕೆ ಎತ್ತಿಟ್ಟ ದುಡ್ಡು ಎಷ್ಟು, ಅದರಲ್ಲಿ ನೆರವಿಗೆ ಎಷ್ಟು ತೆಗೆಯಬಹುದು? ಉದಾಹರಣೆಗೆ ನಾಲ್ಕು ಜನರ ಪ್ರವಾಸಕ್ಕೆ 2 ಲಕ್ಷ ಇಟ್ಟಿದ್ದೀರಿ ಅನ್ನಿ. ಒಂದು ದಿನ ಕಮ್ಮಿ ಮಾಡಿ, ಹೋಟೆಲ್ ಒಂದು ಮಟ್ಟ ಇಳಿಸಿ 20 ಸಾವಿರ ಬಿಡಿಸಬಹುದು. ಮಕ್ಕಳನ್ನೂ ಈ ಮಾತಿಗೆ ಸೇರಿಸಿ. ಯಾವುದನ್ನು ಬಿಡಬೇಕು ಎಂದು ಅವರೇ ಆರಿಸಲಿ. ತಾನು ಬಿಟ್ಟುಕೊಟ್ಟದ್ದರಿಂದ ಹಣ ಹೋಯಿತು ಎಂದು ಗೊತ್ತಾದ ಮಗು ಆ ಊರಿನ ಬಗ್ಗೆ ಆಮೇಲೂ ಕೇಳುತ್ತದೆ.

ಈಗ ಮುಖ್ಯವಾದ ಮಾತು. ಆ ಹಣವನ್ನು ಒಂದೇ ಸಲ ಕೊಡಬೇಡಿ. ಅರ್ಧ ಈಗ, ಇನ್ನರ್ಧ ಆರೆಂಟು ತಿಂಗಳ ನಂತರ.

ಯಾಕೆ ಅಂದರೆ, ಕ್ಯಾಮೆರಾ ಹೋದ ಮೇಲೆಯೇ ಕಷ್ಟದ ಕಾಲ ಶುರುವಾಗುವುದು. ನೇಪಾಳದಲ್ಲಿ ಮನೆ ಕಟ್ಟಿಸುವ ಕೆಲಸಕ್ಕೆಂದೇ ರಾಷ್ಟ್ರೀಯ ಪುನರ್ನಿರ್ಮಾಣ ಪ್ರಾಧಿಕಾರ ಕೆಲಸ ಶುರುಮಾಡಿದ್ದು 2015ರ ಡಿಸೆಂಬರ್‌ನಲ್ಲಿ. ಅಂದರೆ ಭೂಕಂಪ ಆಗಿ ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಒಂದು ಮಳೆಗಾಲ ಮುಗಿದಿತ್ತು, ಒಂದು ಚಳಿಗಾಲ ಬಂದಿತ್ತು. ಸೆಪ್ಟೆಂಬರ್‌ನಿಂದ ಭಾರತದ ಗಡಿಯಲ್ಲಿ ಸರಕು ಸಾಗಣೆ ನಿಂತು, ಪೆಟ್ರೋಲು, ಅಡುಗೆ ಅನಿಲ, ಔಷಧ ಎಲ್ಲಕ್ಕೂ ತಿಂಗಳುಗಟ್ಟಲೆ ಪರದಾಟ ಇತ್ತು. ಬೆಟ್ಟದ ಹಳ್ಳಿಗಳಲ್ಲಿ ವಯಸ್ಸಾದವರು, ಬಾಣಂತಿಯರು ತಗಡಿನ ಗುಡಿಸಲಿನಲ್ಲಿ ಆ ಚಳಿಯನ್ನು ಕಳೆದರು. ಆಗ ಯಾವ ಚಾನೆಲ್ಲೂ ಅಲ್ಲಿ ಇರಲಿಲ್ಲ. ದೇಣಿಗೆಯ ಹೊಳೆ ಬತ್ತಿತ್ತು.

ಸರ್ಕಾರ ಕೊನೆಗೆ ಒಂದು ಮನೆಗೆ 3 ಲಕ್ಷ ನೇಪಾಳಿ ರೂಪಾಯಿ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 1.87 ಲಕ್ಷ. ಅದೂ ಕಂತಿನಲ್ಲಿ: ಅಡಿಪಾಯ ಹಾಕಿ ತೋರಿಸಿದರೆ ಮುಂದಿನ ಕಂತು. ಕಲ್ಲು, ಸಿಮೆಂಟು ಹೊತ್ತು ಬೆಟ್ಟ ಹತ್ತಿಸುವ ಖರ್ಚಿಗೇ ಎಷ್ಟೋ ಹೋಗುತ್ತಿತ್ತು. ಜನ ಸಾಲ ಮಾಡಿ ಕಟ್ಟಿಕೊಂಡರು. ನಿಮ್ಮ ಎರಡನೇ ಕಂತು ಕೆಲಸಕ್ಕೆ ಬರುವುದು ಇಂಥ ಹೊತ್ತಿನಲ್ಲಿ.

ಮೊಬೈಲ್ ಕ್ಯಾಲೆಂಡರಿನಲ್ಲಿ ಇವತ್ತೇ ದಿನಾಂಕ ಗುರುತು ಹಾಕಿ. ಹಣವನ್ನು ಬೇರೆ ಖಾತೆಯಲ್ಲೋ ಒಂದು ಚಿಕ್ಕ ಆರ್‌ಡಿಯಲ್ಲೋ ಇಡಿ. ಇಲ್ಲದಿದ್ದರೆ ಶಾಲೆ ಫೀಸಿಗೆ, ಫ್ರಿಜ್ ರಿಪೇರಿಗೆ ಅದು ಕರಗಿಹೋಗುತ್ತದೆ.

ಹಂತ 3: ಯಾರಿಗೆ ಕೊಡುವುದು

ಮೊದಲು ನೋಡಬೇಕಾದ್ದು ಒಂದೇ: ವಿಪತ್ತು ಆಗುವ ಮೊದಲೇ ಇವರು ಆ ಜಿಲ್ಲೆಯಲ್ಲಿ ಕೆಲಸ ಮಾಡುತ್ತಿದ್ದರಾ? ಮೊದಲಿನಿಂದ ಇದ್ದವರಿಗೆ ದಾರಿ ಗೊತ್ತು, ಭಾಷೆ ಗೊತ್ತು, ಯಾರ ಮನೆಯಲ್ಲಿ ಅಂಗವಿಕಲರಿದ್ದಾರೆ, ಯಾವ ಕೇರಿಗೆ ಯಾರೂ ಹೋಗುವುದಿಲ್ಲ ಎಂದು ಗೊತ್ತು. ಹೊಸದಾಗಿ ಹುಟ್ಟಿಕೊಂಡ ಸಂಘಕ್ಕೆ ಇದ್ಯಾವುದೂ ಗೊತ್ತಿರುವುದಿಲ್ಲ.

ನೇಪಾಳದಲ್ಲಿ ಸ್ವಯಂಸೇವಾ ಸಂಸ್ಥೆಗಳು ಜಿಲ್ಲಾ ಆಡಳಿತ ಕಚೇರಿಯಲ್ಲಿ ನೋಂದಣಿ ಮಾಡಿಸುತ್ತವೆ. ಸಮಾಜ ಕಲ್ಯಾಣ ಪರಿಷತ್ ಎಂಬ ಸರ್ಕಾರಿ ಸಂಸ್ಥೆಯ ಸಂಯೋಜನೆಯನ್ನೂ ಪಡೆಯುತ್ತವೆ. ಈ ಎರಡರ ನಂಬರ್ ಕೇಳಿ. ಕೇಳಿದ ತಕ್ಷಣ ಕೊಡುವವರು ಸಾಮಾನ್ಯವಾಗಿ ನೆಟ್ಟಗಿನವರು. ಹಿಂದಿನ ವರ್ಷದ ಲೆಕ್ಕಪತ್ರ ಕೇಳಿ. ಯಾವ ಪಾಲಿಕೆಯ ಯಾವ ವಾರ್ಡಿನಲ್ಲಿ ಕೆಲಸ ಎಂದು ಕೇಳಿ. 2017ರಿಂದ ನೇಪಾಳದಲ್ಲಿ 753 ಸ್ಥಳೀಯ ಆಡಳಿತ ಘಟಕಗಳಿವೆ. ನೆರವು ಕೊನೆಗೆ ಹಂಚಿಕೆಯಾಗುವುದು ಅವುಗಳ ವಾರ್ಡ್ ಕಚೇರಿಗಳ ಜೊತೆ ಮಾತಾಡಿಕೊಂಡೇ. ವಾರ್ಡಿನ ಹೆಸರು ಹೇಳಲಾಗದವರು ನೆಲದ ಮೇಲೆ ಇಲ್ಲ ಎಂದು ತಿಳಿಯಬಹುದು.

ಹುಡುಕಲು ಸಮಯ ಇಲ್ಲದವರಿಗೆ ನೇಪಾಳ ರೆಡ್ ಕ್ರಾಸ್ ಸೊಸೈಟಿ ಇದೆ. 1963ರಲ್ಲಿ ಶುರುವಾದದ್ದು, ದೇಶದ ಉದ್ದಗಲಕ್ಕೂ ಶಾಖೆಗಳಿವೆ. ಮಕ್ಕಳ ಕೆಲಸಕ್ಕೆ ಯುನಿಸೆಫ್ ಇದೆ. ಇನ್ನೊಂದು ಹೆಸರನ್ನು ನಾನು ಒತ್ತಿ ಹೇಳುತ್ತೇನೆ: ಮೈತಿ ನೇಪಾಳ್. 1993ರಿಂದ ಹೆಣ್ಣುಮಕ್ಕಳ ಸಾಗಣೆ ತಡೆಯುವ ಕೆಲಸ ಮಾಡುತ್ತಿರುವ ಸಂಸ್ಥೆ. ಮನೆ ಬಿದ್ದಾಗ, ದುಡಿಯುವವರು ತೀರಿಕೊಂಡಾಗ, ಕೆಲಸ ಕೊಡಿಸುತ್ತೇವೆ ಎಂದು ಹುಡುಗಿಯರನ್ನು ಗಡಿ ದಾಟಿಸುವ ದಲ್ಲಾಳಿಗಳು ಹಳ್ಳಿಗೆ ಬರುತ್ತಾರೆ. ಗಡಿ ದಾಟಿದರೆ ಮುಂದಿರುವುದು ನಮ್ಮ ದೇಶ. ಅದಕ್ಕೇ ಈ ಕೆಲಸಕ್ಕೆ ನಮ್ಮ ಹಣ ಹೋಗುವುದು ನ್ಯಾಯ ಅನ್ನಿಸುತ್ತದೆ.

ಕೊಡುವಾಗ "ಇದನ್ನು ಕಂಬಳಿಗೇ ಬಳಸಿ" ಎಂಬಂಥ ಷರತ್ತು ಹಾಕಬೇಡಿ. ಯಾವ ವಾರ ಯಾವುದು ಬೇಕು ಎಂದು ಅವರೇ ನೋಡಿಕೊಳ್ಳಲಿ.

ಮೋಸದ ಬಗ್ಗೆ ಎಚ್ಚರ ಇರಲಿ. 2020ರಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಕೆಲವೇ ದಿನಗಳಲ್ಲಿ ಒಂದಕ್ಷರ ಬದಲಿಸಿದ ನಕಲಿ ಯುಪಿಐ ಐಡಿಗಳು ಹರಿದಾಡಿದ್ದವು. ವಾಟ್ಸಾಪಿನಲ್ಲಿ ಬಂದ ಕ್ಯೂಆರ್ ಚಿತ್ರಕ್ಕೆ ಹಣ ಹಾಕಬೇಡಿ, ಕಳಿಸಿದವರು ಸ್ವಂತ ಭಾವನೇ ಆಗಿರಲಿ. ಸಂಸ್ಥೆಯ ವೆಬ್‌ಸೈಟ್ ವಿಳಾಸ ನೀವೇ ಟೈಪ್ ಮಾಡಿ. ಹಣ ಹೋಗುವ ಮೊದಲು ಪರದೆಯಲ್ಲಿ ಕಾಣುವ ಖಾತೆದಾರರ ಹೆಸರು ಓದಿ. ವ್ಯಕ್ತಿಯ ಹೆಸರಿದ್ದರೆ ನಿಲ್ಲಿಸಿ. ಆನ್‌ಲೈನ್ ದೇಣಿಗೆ ಸಂಗ್ರಹದ ತಾಣಗಳಲ್ಲಿ ತಾಣಕ್ಕೆಂದು ಟಿಪ್ ಮೊದಲೇ ಸೇರಿಸಿರುವುದುಂಟು. ಅದನ್ನು ಸೊನ್ನೆ ಮಾಡಬಹುದು, ನೋಡಿಕೊಳ್ಳಿ.

ಹಂತ 4: ಹಣ ದಾಟಿಸುವ ನಿಯಮ, ತೆರಿಗೆ

ಇಲ್ಲಿ ಬಹಳ ಜನ ತಪ್ಪು ತಿಳಿದಿರುತ್ತಾರೆ. ವಿದೇಶದಲ್ಲಿ ನೋಂದಣಿಯಾದ ಸಂಸ್ಥೆಗೆ ಕೊಟ್ಟ ದೇಣಿಗೆಗೆ ನಮ್ಮಲ್ಲಿ 80ಜಿ ವಿನಾಯಿತಿ, ಅಂದರೆ ದೇಣಿಗೆಗೆಂದು ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ, ಸಿಗುವುದಿಲ್ಲ. ನೇಪಾಳಕ್ಕೆ ನೇರ ಕೊಟ್ಟರೆ ಅದು ಪೂರ್ತಿ ನಿಮ್ಮ ಜೇಬಿನದು.

ಹಾಗಾದರೆ ಭಾರತದ ಟ್ರಸ್ಟ್ ಮೂಲಕ ಕೊಡೋಣ ಅನ್ನಿಸಬಹುದು. ಆಗ ಒಂದು ಪ್ರಶ್ನೆ ಕೇಳಲೇಬೇಕು. ಭಾರತದ ದತ್ತಿ ಸಂಸ್ಥೆ ತನ್ನ ಹಣವನ್ನು ದೇಶದ ಹೊರಗೆ ಖರ್ಚು ಮಾಡಿ ತೆರಿಗೆ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. "ನಿಮಗೆ ಅನುಮತಿ ಇದೆಯಾ, ಈ ಹಣ ನಿಜವಾಗಿ ನೇಪಾಳಕ್ಕೆ ಹೋಗುತ್ತದಾ ಅಥವಾ ನಿಮ್ಮ ಸಾಮಾನ್ಯ ನಿಧಿಗೆ ಸೇರುತ್ತದಾ?" ಎಂದು ಬರಹದಲ್ಲಿ ಕೇಳಿ. ಉತ್ತರ ಹಾರಿಕೆಯದಾದರೆ ಬೇರೆಯವರನ್ನು ನೋಡಿ.

ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ 80ಜಿ ಲೆಕ್ಕವೇ ಇಲ್ಲ. ಹಳೆ ಪದ್ಧತಿಯಲ್ಲಿದ್ದು ವಿನಾಯಿತಿ ಬೇಕೆಂದರೆ ದೇಶದೊಳಗಿನ ವಿಪತ್ತಿಗೆ ಕೊಡುವ ಹಣಕ್ಕೆ ಅದನ್ನು ಬಳಸಿಕೊಳ್ಳಿ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೆ, ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟದ್ದು ನೂರಕ್ಕೆ ನೂರು ಕಳೆಯುತ್ತದೆ. ಬೇರೆ ನೋಂದಾಯಿತ ಸಂಸ್ಥೆಗಳಲ್ಲಿ ಹೆಚ್ಚಿನವಕ್ಕೆ ಅರ್ಧ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ.

ವಿದೇಶಿ ಸಂಸ್ಥೆಗೆ ಬ್ಯಾಂಕ್ ಮೂಲಕ ದೇಣಿಗೆ ಕಳಿಸುವುದಕ್ಕೆ ಎಲ್‌ಆರ್‌ಎಸ್ ಎಂಬ ವ್ಯವಸ್ಥೆ ಇದೆ. ವರ್ಷಕ್ಕೆ ಒಬ್ಬರಿಗೆ 2.5 ಲಕ್ಷ ಡಾಲರ್ ಮಿತಿ, ಪ್ಯಾನ್ ಕಡ್ಡಾಯ. ನೇಪಾಳದ ವಿಷಯದಲ್ಲಿ ಮಾತ್ರ ವಿದೇಶಿ ವಿನಿಮಯದ ನಿಯಮ ಬೇರೆ. ಅಲ್ಲಿಗೆ ವ್ಯವಹಾರ ಬಹುಪಾಲು ರೂಪಾಯಿಯಲ್ಲೇ ನಡೆಯುತ್ತದೆ. ಅದಕ್ಕೇ ಬ್ಯಾಂಕಿಗೆ ಹೋಗಿ ಮೊದಲು ಕೇಳಿ.

ನಿಮಗೆ ಅಲ್ಲಿ ಪರಿಚಯದ ಮನೆ ಇದ್ದರೆ, ಹಿಂದಿನ ಪ್ರವಾಸದ ಗೈಡ್, ಲಾಡ್ಜಿನ ಯಜಮಾನ, ನಿಮ್ಮ ಅಪಾರ್ಟ್‌ಮೆಂಟಿನ ನೇಪಾಳಿ ಕಾವಲುಗಾರರ ಹೆತ್ತವರು, ಅವರಿಗೆ ಕಳಿಸಲು ಭಾರತ-ನೇಪಾಳ ಹಣ ರವಾನೆ ವ್ಯವಸ್ಥೆ ಇದೆ. ಎನ್‌ಇಎಫ್‌ಟಿ ಮೂಲಕ ಹೋಗುತ್ತದೆ. ಒಂದು ಸಲಕ್ಕೆ 2 ಲಕ್ಷದವರೆಗೆ ಕಳಿಸಬಹುದು. ಇದಕ್ಕೆ ರಸೀತಿ, ವಿನಾಯಿತಿ ಏನೂ ಬರುವುದಿಲ್ಲ. ಆದರೂ ಇಂಥ ಹಣ ನೇರ ಮನೆಗೆ ಮುಟ್ಟುತ್ತದೆ. ನಮ್ಮ ಊರುಗಳಲ್ಲಿ ದುಡಿಯುವ ಎಷ್ಟೋ ನೇಪಾಳಿಗಳು ಊರಿಗೆ ಹೋಗಲು ಬಸ್ ಚಾರ್ಜಿಗೂ ಸಂಬಳದ ಮುಂಗಡ ಕೇಳುವ ಸ್ಥಿತಿಯಲ್ಲಿರುತ್ತಾರೆ. ನನ್ನನ್ನು ಕೇಳಿದರೆ ಮೊದಲ ನೆರವು ಶುರುವಾಗಬೇಕಾದ್ದು ಅಲ್ಲಿಂದ: ಅವರಿಗೆ ಸಂಬಳ ಸಹಿತ ರಜೆ, ಹೋಗಿಬರುವ ಖರ್ಚು, ವಾಪಸ್ ಬಂದಾಗ ಕೆಲಸ ಇರುತ್ತದೆ ಎಂಬ ಮಾತು.

ಹಂತ 5: ಹೋಗುವುದಾ, ಮುಂದಕ್ಕೆ ಹಾಕುವುದಾ

ನಕ್ಷೆ ತೆಗೆಯಿರಿ. 2023ರ ನವೆಂಬರ್ 3ರ ರಾತ್ರಿ ಜಾಜರ್ಕೋಟ್ ಮತ್ತು ಪಶ್ಚಿಮ ರುಕುಮ್‌ನಲ್ಲಿ ಭೂಕಂಪ ಆಗಿ 150ಕ್ಕೂ ಹೆಚ್ಚು ಜನ ಸತ್ತರು. ಅದು ದೇಶದ ಪಶ್ಚಿಮದ ಬೆಟ್ಟಗಳಲ್ಲಿ. ಕಾಠ್ಮಂಡು, ಪೊಖರಾ, ಲುಂಬಿನಿ ಎಂದಿನಂತೆ ಇದ್ದವು. ಅಂಥ ಸಂದರ್ಭದಲ್ಲಿ ಪ್ರವಾಸ ರದ್ದು ಮಾಡುವುದರಿಂದ ಯಾರಿಗೂ ಉಪಯೋಗವಿಲ್ಲ. 2015ರಲ್ಲಿ ತೀವ್ರ ಹಾನಿಯಾದದ್ದು 75 ಜಿಲ್ಲೆಗಳ ಪೈಕಿ 14ರಲ್ಲಿ. ಆದರೆ ಜಗತ್ತು ಇಡೀ ದೇಶವೇ ಮುಗಿಯಿತು ಎಂದುಕೊಂಡಿತು. 2014ರಲ್ಲಿ ಸುಮಾರು 7.9 ಲಕ್ಷ ಇದ್ದ ಪ್ರವಾಸಿಗರ ಸಂಖ್ಯೆ 2015ರಲ್ಲಿ 5.4 ಲಕ್ಷಕ್ಕೆ ಇಳಿಯಿತು. ಭೂಮಿ ನಡುಗದ ಊರಿನ ಹೋಟೆಲ್ ಹುಡುಗರೂ ಕೆಲಸ ಕಳೆದುಕೊಂಡರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲೆ ಕೊಡಗಿನ ಹೋಂಸ್ಟೇಗಳವರಿಗೂ ಇದೇ ಅನುಭವ ಆಗಿತ್ತು, ನೆನಪಿದೆಯಲ್ವಾ?

ನಿಮ್ಮ ದಾರಿಯಲ್ಲೇ ವಿಪತ್ತು ಆಗಿದ್ದರೆ ಮಾತು ಬೇರೆ. 2015ರ ಮೊದಲ ಭೂಕಂಪದ 17 ದಿನಗಳ ನಂತರ, ಮೇ 12ರಂದು, 7.3 ತೀವ್ರತೆಯ ಇನ್ನೊಂದು ಬಂತು. ಬಿರುಕು ಬಿಟ್ಟು ನಿಂತಿದ್ದ ಮನೆಗಳು ಆಗ ಬಿದ್ದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ವಾರಗಳಲ್ಲಿ ಅಲ್ಲಿ ಇರುವ ಪ್ರವಾಸಿ ಕುಟುಂಬ ಒಂದು ಕೋಣೆ, ಒಂದು ಕ್ಯಾನ್ ನೀರು, ಒಂದು ಜೀಪು ಹಿಡಿದಿಟ್ಟುಕೊಂಡಿರುತ್ತದೆ. ಅದು ಬೇರೆಯವರಿಗೆ ಬೇಕು. ಭೂಕಂಪವಾದರೆ ಕನಿಷ್ಠ ಮೂರು ತಿಂಗಳು ಬಿಡಿ. ಪ್ರವಾಹ, ಭೂಕುಸಿತವಾದರೆ ಮಳೆಗಾಲ ಮುಗಿದು ರಸ್ತೆ ತೆರೆಯುವವರೆಗೆ ಬಿಡಿ.

ದಸರಾ ರಜೆಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಸೆಪ್ಟೆಂಬರ್ ಕೊನೆಯವರೆಗೂ ಮಳೆಯ ಭಯ ಇರುತ್ತದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ, ಅವರ ದಶೈಂ ಹಬ್ಬಕ್ಕೆ ಮುಂಚೆ, ಕಾಠ್ಮಂಡು ಕಣಿವೆ ಮತ್ತು ಅದರ ಪಕ್ಕದ ಕಾವ್ರೆ ಜಿಲ್ಲೆಯ ಕಡೆ ಪ್ರವಾಹ ಬಂದು 200ಕ್ಕೂ ಹೆಚ್ಚು ಜನ ತೀರಿಕೊಂಡರು. ಆ ಕಡೆಯ ಬಿಪಿ ಹೆದ್ದಾರಿ ಅಲ್ಲಲ್ಲಿ ಕೊಚ್ಚಿಹೋಯಿತು. ಹಾಗಾಗಿ ಅಕ್ಟೋಬರ್ ಮೊದಲ ವಾರಕ್ಕಿಂತ ಮೂರನೇ ವಾರ ಮೇಲು. ರಾತ್ರಿ ಬಸ್ಸು ಬೇಡ. ಕಾಠ್ಮಂಡುವಿನಿಂದ ಪೊಖರಾಕ್ಕೆ ಹಗಲಿನಲ್ಲೇ ಹೋಗಿ, ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ.

ಟಿಕೆಟ್ ವಿಷಯದಲ್ಲಿ ಆತುರ ಬೇಡ. ನೀವಾಗಿ ರದ್ದು ಮಾಡಿದರೆ ಟಿಕೆಟ್ಟಿನ ಮಾಮೂಲಿ ನಿಯಮದ ಪ್ರಕಾರ ದುಡ್ಡು ಕತ್ತರಿಸುತ್ತಾರೆ. ವಿಮಾನ ಸಂಸ್ಥೆಯೇ ರದ್ದು ಮಾಡಿದರೆ ಪೂರ್ತಿ ಹಣ ಅಥವಾ ಬೇರೆ ವಿಮಾನ ಕೇಳುವ ಹಕ್ಕು ನಿಮ್ಮದು. ದೊಡ್ಡ ವಿಪತ್ತಾದಾಗ ದಿನಾಂಕ ಬದಲಿಸಲು ಶುಲ್ಕ ಇಲ್ಲ ಎಂದು ಸಂಸ್ಥೆಗಳೇ ಪ್ರಕಟಿಸುವುದೂ ಉಂಟು. ಎರಡು ದಿನ ಕಾದು ನೋಡಿ. ಹೋಟೆಲಿನವರಿಗೆ ಮಾತ್ರ ಇವತ್ತೇ ಫೋನ್ ಮಾಡಿ. ಚಿಕ್ಕ ಲಾಡ್ಜಾಗಿದ್ದರೆ ಮುಂಗಡ ವಾಪಸ್ ಕೇಳಬೇಡಿ, "ಇಟ್ಟುಕೊಳ್ಳಿ, ಮುಂದೆ ಬಂದಾಗ ಸರಿಮಾಡಿಕೊಳ್ಳೋಣ" ಅನ್ನಿ. ಆ ಹೊತ್ತಿನಲ್ಲಿ ಅವರಿಗೆ ಅದು ದೊಡ್ಡ ಆಸರೆ.

ಪ್ರವಾಸ ವಿಮೆ ಮಾಡಿಸುವುದಾದರೆ ಟಿಕೆಟ್ ಮಾಡಿಸಿದ ದಿನವೇ ಮಾಡಿಸಿ. ವಿಪತ್ತಿನ ಸುದ್ದಿ ಬಂದ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ವಿಪತ್ತಿಗೆ ಅನ್ವಯಿಸುವುದಿಲ್ಲ. ಮುಕ್ತಿನಾಥ 3,700 ಮೀಟರಿಗಿಂತ ಮೇಲಿದೆ. ಅಷ್ಟು ಎತ್ತರಕ್ಕೆ ವಿಮೆ ಉಂಟಾ, ಹೆಲಿಕಾಪ್ಟರ್ ಖರ್ಚು ಸೇರಿದೆಯಾ ಎಂದು ಪಾಲಿಸಿಯಲ್ಲಿ ಓದಿ.

ಹಂತ 6: ಕಾಗದ, ಕೈಖರ್ಚು, ಸುರಕ್ಷತೆ

ನೇಪಾಳಕ್ಕೆ ನಮಗೆ ವೀಸಾ ಬೇಡ. ದೊಡ್ಡವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಬರೀ ಆಧಾರ್ ನಂಬಿಕೊಂಡು ಏರ್‌ಪೋರ್ಟಿಗೆ ಹೋಗಬೇಡಿ. 1993ರಿಂದ ನಮ್ಮ 1 ರೂಪಾಯಿಗೆ ಅವರ 1.60 ಎಂಬ ದರ ಬದಲಾಗಿಲ್ಲ. 100 ರೂಪಾಯಿ ನೋಟು ನಡೆಯುತ್ತದೆ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗಿದೆ, ಹೊರಡುವ ವಾರ ನೋಡಿಕೊಳ್ಳಿ. 2024ರಿಂದ ಅಲ್ಲಿನ ಫೋನ್‌ಪೇ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ (ಹೆಸರು ಒಂದೇ ಥರ ಕೇಳಿಸಿದರೂ ಅದು ನೇಪಾಳದ ಬೇರೆಯೇ ಕಂಪನಿ). ಪ್ಯಾಕೇಜ್ ತೆಗೆದುಕೊಂಡಿದ್ದರೆ ಟಿಸಿಎಸ್ (ಪ್ಯಾಕೇಜ್ ಮಾರುವವರು ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿದಿದ್ದಾರಾ ಕೇಳಿ. ಹಿಡಿದಿದ್ದರೆ ರಿಟರ್ನ್ ಸಲ್ಲಿಸುವಾಗ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು.

ರಾತ್ರಿ ಮಲಗುವಾಗ ಎಲ್ಲರ ಚಪ್ಪಲಿ, ಒಂದು ಟಾರ್ಚು, ಪಾಸ್‌ಪೋರ್ಟ್ ಚೀಲ ಹಾಸಿಗೆ ಪಕ್ಕ ಇರಲಿ. ಹೊರಗೆ ಬಂದರೆ ಎಲ್ಲಿ ಸೇರುವುದು ಎಂದು ಮೊದಲ ದಿನವೇ ಮಕ್ಕಳಿಗೆ ಜಾಗ ತೋರಿಸಿ. ಪೊಲೀಸರ ನಂಬರ್ 100, ಪ್ರವಾಸಿ ಪೊಲೀಸರದ್ದು 1144.

ಹಂತ 7: ಅಲ್ಲಿ ಖರ್ಚು ಮಾಡುವ ಹಣವೂ ನೆರವೇ

ಊರು ಎದ್ದು ನಿಲ್ಲುತ್ತಿರುವಾಗ ಹೋದ ಪ್ರವಾಸಿ ಒಂದು ಸಂಬಳವನ್ನೇ ಹೊತ್ತು ತಂದಂತೆ. ಆದರೆ ಎಲ್ಲಿ ಇಳಿಯುತ್ತೀರಿ, ಏನು ಕೊಳ್ಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ.

ಭಕ್ತಪುರಕ್ಕೆ ಹೋಗಿ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಕಾಠ್ಮಂಡುವಿನಿಂದ ಮಧ್ಯಾಹ್ನಕ್ಕೆ ಬಂದು ಸಂಜೆ ಹೊರಡುವವರೇ ಜಾಸ್ತಿ. ಉಳಿದರೆ ಊಟ, ಕೋಣೆ, ಬೆಳಗಿನ ಚಹಾ ಎಲ್ಲದರ ಹಣ ಊರಿನಲ್ಲೇ ಉಳಿಯುತ್ತದೆ. 1702ರಲ್ಲಿ ಕಟ್ಟಿದ ಐದು ಅಂತಸ್ತಿನ ನ್ಯಾತಪೋಲ ದೇವಾಲಯ 2015ರಲ್ಲೂ ನಿಂತಿತು. ಅದರಾಚೆಯ ಚೌಕದಲ್ಲಿದ್ದ ಕಲ್ಲಿನ ವತ್ಸಲಾ ದೇವಾಲಯ ಕುಸಿಯಿತು, ಮತ್ತೆ ಕಟ್ಟಿದರು. ಊರಿಗೆ ಒಳಹೋಗುವ ಟಿಕೆಟ್ಟಿನ ಹಣ ನಗರಪಾಲಿಕೆಗೆ ಸೇರುತ್ತದೆ, ಗುಡಿಗಳ ಕೆಲಸಕ್ಕೂ ಅದರಿಂದ ಹಣ ಹೋಗುತ್ತದೆ. ಭಾರತೀಯರಿಗೆ ಕಮ್ಮಿ ದರ ಇದೆ, ಗುರುತಿನ ಚೀಟಿ ತೋರಿಸಿ. ಹಿಂಬಾಗಿಲಿನ ಓಣಿಯಿಂದ ಟಿಕೆಟ್ ಇಲ್ಲದೆ ಹೋಗಬಹುದು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕುಂಬಾರರ ಚೌಕದಲ್ಲಿ ಮಾಡಿದವರ ಕೈಯಿಂದಲೇ ಮಡಕೆ ಕೊಳ್ಳಿ. ಮಣ್ಣಿನ ಕುಡಿಕೆಯಲ್ಲಿ ಕೊಡುವ ಜುಜು ಧೌ ಎಂಬ ಗಟ್ಟಿ ಸಿಹಿ ಮೊಸರು ಮಕ್ಕಳಿಗೆ ಹಿಡಿಸುತ್ತದೆ.

ಕಾಠ್ಮಂಡುವಿನ ಕಾಷ್ಠಮಂಡಪವನ್ನು ತಪ್ಪದೆ ತೋರಿಸಿ. ಊರಿಗೆ ಹೆಸರು ಕೊಟ್ಟ ಆ ಮರದ ಮಂಟಪ ಪೂರ್ತಿ ನೆಲಕಚ್ಚಿತ್ತು. ಅಲ್ಲಿನ ಜನರದೇ ಸಮಿತಿ ಮುಂದೆ ನಿಂತು ಅದನ್ನು ಮರದಲ್ಲೇ ಮತ್ತೆ ಎಬ್ಬಿಸಿತು.

ಕಾವ್ರೆಯ ಪನೌತಿಯಲ್ಲಿ ಹೆಂಗಸರು ನಡೆಸುವ ಹೋಂಸ್ಟೇಗಳಿವೆ. ಅಜ್ಜ ಅಜ್ಜಿಯರಿಗೂ ಹೊಂದುವ ಜಾಗ: ಬೆಟ್ಟ ಹತ್ತುವ ಕಷ್ಟ ಇಲ್ಲ, ಅನ್ನ ಬೇಳೆ ಸೊಪ್ಪಿನ ಊಟ ಸಿಗುತ್ತದೆ. ಚೌಕಾಸಿ ಮಿತಿಯಲ್ಲಿರಲಿ. ವಿಪತ್ತಾಗಿದೆ, ಗಿರಾಕಿ ಇಲ್ಲ, ಅರ್ಧ ರೇಟಿಗೆ ಕೊಡುತ್ತಾರೆ ಎಂದು ಹಿಂಡಬೇಡಿ.

ಹಂತ 8: ಮಾಡಬಾರದ್ದು

ಇದನ್ನು ಗಟ್ಟಿಯಾಗಿ ಹೇಳಬೇಕು. ಅನಾಥಾಶ್ರಮ ನೋಡಲು ಹೋಗಬೇಡಿ. ಹುಟ್ಟುಹಬ್ಬಕ್ಕೆ ಅಲ್ಲಿ ಊಟ ಹಾಕಿಸೋಣ, ಮಕ್ಕಳ ಜೊತೆ ಅರ್ಧ ದಿನ ಕಳೆಯೋಣ ಎಂಬುದು ನಮ್ಮಲ್ಲಿ ಒಳ್ಳೆಯ ಮನಸ್ಸಿನಿಂದಲೇ ಬರುವ ಆಸೆ. ಆದರೆ ನೇಪಾಳದ ಅನಾಥಾಶ್ರಮಗಳಲ್ಲಿರುವ ಮಕ್ಕಳಲ್ಲಿ ಕನಿಷ್ಠ 85% ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು ಯುನಿಸೆಫ್ ಹೇಳಿದೆ. ಓದಿಸುತ್ತೇವೆ ಎಂದು ಹಳ್ಳಿಯಿಂದ ಮಕ್ಕಳನ್ನು ಕರೆತಂದು, ಪ್ರವಾಸಿಗರ ಮುಂದೆ ಅನಾಥರೆಂದು ತೋರಿಸಿ ಹಣ ಎತ್ತುವ ದಂಧೆ ಇದೆ. 2015ರಲ್ಲಿ ಭೂಕಂಪದ ನಂತರ ಸರ್ಕಾರ ಮಕ್ಕಳನ್ನು ಅಪ್ಪ ಅಮ್ಮ ಇಲ್ಲದೆ ಜಿಲ್ಲೆಯಿಂದ ಹೊರಗೆ ಸಾಗಿಸುವುದನ್ನು ತಡೆಯಬೇಕಾಯಿತು, ವಿದೇಶಿಯರಿಗೆ ದತ್ತು ಕೊಡುವುದನ್ನೂ ನಿಲ್ಲಿಸಿತು. ಪ್ರವಾಸಿಗರ ಹಣ ನಿಂತರೆ ಆ ದಂಧೆಯೂ ಸೊರಗುತ್ತದೆ. ಮಕ್ಕಳಿಗೆ ನೆರವಾಗಬೇಕೆಂದರೆ, ಅವರು ತಮ್ಮ ಮನೆಯಲ್ಲೇ ಇದ್ದು ಓದುವಂತೆ ಕುಟುಂಬಕ್ಕೆ ಆಸರೆ ಕೊಡುವ ಸಂಸ್ಥೆಗೆ ಕೊಡಿ.

ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕೊಲೇಟು, ಪೆನ್ನು, ಹತ್ತು ರೂಪಾಯಿ ಹಂಚಬೇಡಿ. ಕೊಡಲೇಬೇಕು ಅನ್ನಿಸಿದರೆ ಊರಿನ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ, ಬೇಕಾದ್ದನ್ನು ಅಲ್ಲಿನ ಪೇಟೆಯಲ್ಲೇ ಕೊಂಡು ಶಾಲೆಗೆ ಕೊಡಿ, ರಸೀತಿ ತೆಗೆದುಕೊಳ್ಳಿ. ನಿಮ್ಮ ಮಕ್ಕಳಿಗೆ ಇದನ್ನೂ ಹೇಳಿ: 2015ರ ಭೂಕಂಪ ಆದದ್ದು ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರವೇ. ಸಾವಿರಾರು ಶಾಲಾ ಕಟ್ಟಡಗಳು ಬಿದ್ದವು, ಒಳಗೆ ಮಕ್ಕಳಿರಲಿಲ್ಲ.

ಬಿದ್ದ ಮನೆಯ ಮುಂದೆ ನಿಂತು ಸೆಲ್ಫಿ ಬೇಡ. ಕೇಳದೆ ಯಾರ ಫೋಟೋನೂ ತೆಗೆಯಬೇಡಿ. ನೆರವಿನ ಚೆಕ್ ಹಿಡಿದು ಸಾಲಾಗಿ ನಿಲ್ಲಿಸುವ ಫೋಟೋ ಅಂತೂ ಬೇಡವೇ ಬೇಡ. "ಭೂಕಂಪದ ದಿನ ಏನಾಯ್ತು?" ಎಂದು ಸಿಕ್ಕವರನ್ನೆಲ್ಲ ಕೇಳಬೇಡಿ. ಅವರಾಗಿ ಹೇಳಿದರೆ ಕೂತು ಕೇಳಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಅಮೆರಿಕದಲ್ಲಿರುವವರು ಅಲ್ಲೇ 501ಸಿ3 ಮಾನ್ಯತೆ ಇರುವ ಸಂಸ್ಥೆಗೆ ಕೊಟ್ಟರೆ ಅಲ್ಲಿನ ತೆರಿಗೆಯಲ್ಲಿ ತೋರಿಸಬಹುದು. ನೀವು ಕೊಟ್ಟಷ್ಟೇ ಮೊತ್ತವನ್ನು ನಿಮ್ಮ ಕಂಪನಿಯೂ ಸೇರಿಸುತ್ತದಾ ಎಂದು ಎಚ್‌ಆರ್ ವಿಭಾಗದವರನ್ನು ಕೇಳಿ, ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಬ್ರಿಟನ್‌ನಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಗುರುತು ಹಾಕಿದರೆ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರ ಸೇರಿಸುತ್ತದೆ. ಕರ್ನಾಟಕದಲ್ಲಿ ನೆರೆ ಬಂದಾಗ ಇಲ್ಲಿನ ಸಂಸ್ಥೆಗೆ ಕಳಿಸುವುದಾದರೆ ನಿಮ್ಮ ಪಾಸ್‌ಪೋರ್ಟ್ ಯಾವುದು ಎಂಬುದು ಮುಖ್ಯ. ಭಾರತದ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ಹಣ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದು ಒಸಿಐ ಆಗಿದ್ದರೆ ಅದು ವಿದೇಶಿ ದೇಣಿಗೆ, ಅದನ್ನು ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ ಮಾತ್ರ ಕಳಿಸಬೇಕು.

ವಾಪಸ್ ಬಂದ ಮೇಲೆ

ರಸೀತಿಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ. ಮೊದಲ ಕಂತು ತೆಗೆದುಕೊಂಡ ಸಂಸ್ಥೆಗೆ ಪತ್ರ ಬರೆದು ಏನು ಕೆಲಸವಾಯಿತು ಎಂದು ಕೇಳಿ. ಉತ್ತರ ಸಮಾಧಾನ ತಂದರೆ ಎರಡನೇ ಕಂತು ಅವರಿಗೇ ಕೊಡಿ, ಇಲ್ಲವಾದರೆ ಪ್ರವಾಸದಲ್ಲಿ ನೀವೇ ಕಣ್ಣಾರೆ ಕಂಡ ಶಾಲೆಗೋ ಹೆಂಗಸರ ಸಂಘಕ್ಕೋ ಕೊಡಬಹುದು. ಇಳಿದುಕೊಂಡ ಚಿಕ್ಕ ಲಾಡ್ಜು, ಕರೆದೊಯ್ದ ಗೈಡ್ ಬಗ್ಗೆ ಗೂಗಲ್ ಮ್ಯಾಪಿನಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ: ರಸ್ತೆ ಹೇಗಿದೆ, ಊಟ ಏನು ಸಿಕ್ಕಿತು, ವಯಸ್ಸಾದವರು ಹೋಗಬಹುದಾ. ಮುಂದಿನ ರಜೆಗೆ ಹೊರಡಬೇಕೋ ಬೇಡವೋ ಎಂದು ಅನುಮಾನದಲ್ಲಿರುವ ಇನ್ನೊಂದು ಕುಟುಂಬ ಹುಡುಕುವುದು ಅದನ್ನೇ.